ಕುಂಡದಲ್ಲಿ ಬೆಳೆಯಿರಿ, ಇಲ್ಲವೇ ನಿಂಬೆಹಣ್ಣು ತಿನ್ನಿ

ಟೊಮೆಟೊ ರೇಟು ಸ್ವಲ್ಪ ಏರಿದರೆ ಸಾಕು, ಆ ಹಳೇ ಸುದ್ದಿ ವಾಟ್ಸಾಪಿನಲ್ಲಿ ಮತ್ತೆ ಎದ್ದು ಕೂರುತ್ತದೆ. ನಿಮಗೂ ಬಂದಿರುತ್ತೆ ಬಿಡಿ. 2023ರ ಜುಲೈನಲ್ಲಿ ಉತ್ತರ ಪ್ರದೇಶದ ಸಚಿವೆ ಪ್ರತಿಭಾ ಶುಕ್ಲಾ ಕೊಟ್ಟ ಸಲಹೆ ಅದು. ಟೊಮೆಟೊ ದುಬಾರಿಯಾದರೆ ಮನೆಯ ಕುಂಡದಲ್ಲಿ ಬೆಳೆದುಕೊಳ್ಳಿ, ಇಲ್ಲವೇ ತಿನ್ನೋದನ್ನೇ ಬಿಡಿ, ಬೇಕಾದರೆ ನಿಂಬೆಹಣ್ಣು ತಿನ್ನಿ ಅಂತ. ಎಂಥಾ ತಲೆ ನೋಡಿ! ನಾವು ಇಷ್ಟು ವರ್ಷ ಮಂಡಿ, ಶೀತಲಗೃಹ, ಬೆಂಬಲ ಬೆಲೆ ಅಂತ ಸುಮ್ನೆ ಬಾಯಿ ಬಡಿದುಕೊಂಡೆವು. ಪರಿಹಾರ ಬಾಲ್ಕನಿಯಲ್ಲೇ ಇತ್ತು.

ಒಂದೇ ತೊಡಕು. ಟೊಮೆಟೊ ಗಿಡ ಪೇಪರ್ ಓದುವುದಿಲ್ಲ. ಬೀಜ ಹಾಕಿ ಸಸಿ ಆಗಲು ಒಂದು ತಿಂಗಳು. ಕಿತ್ತು ನೆಟ್ಟ ಮೇಲೆ ಹಣ್ಣು ಕಾಣಲು ಇನ್ನೆರಡು ತಿಂಗಳು. ಆ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತ್ತು. ಸಚಿವೆಯ ಮಾತು ನಂಬಿ ಬೀಜ ಊರಿದವರ ತಾರಸಿಯಲ್ಲಿ ಹಣ್ಣು ಕೆಂಪಾಗುವ ಹೊತ್ತಿಗೆ ದಸರಾ ಬಂದಿತ್ತು. ಬೆಲೆಯಂತೂ ಸೆಪ್ಟೆಂಬರಿನಲ್ಲೇ ನೆಲ ಕಚ್ಚಿತ್ತು.

ಇನ್ನು ಖರ್ಚಿನ ಮಾತು. ಗ್ರೋ ಬ್ಯಾಗು, ಕೋಕೋಪೀಟು, ಎರೆಗೊಬ್ಬರ, ಬೇವಿನ ಹಿಂಡಿ, ಪುಟ್ಟದೊಂದು ಗುಲಾಬಿ ಬಣ್ಣದ ಗುದ್ದಲಿ. ಆಯುಧಪೂಜೆ ದಿನ ಆ ಗುದ್ದಲಿಗೂ ಕುಂಕುಮ ಇಟ್ಟು ಫೋಟೊ. ಊರಿನ ಕೊಟ್ಟಿಗೆಯಲ್ಲಿ ಸೆಗಣಿ ಬಾಚು ಅಂದರೆ ಮೂಗು ಮುಚ್ಚಿಕೊಂಡು ಓಡುತ್ತಿದ್ದವರೇ ಈಗ ಆನ್‌ಲೈನ್‌ನಲ್ಲಿ ಬೆರಣಿ ತರಿಸುತ್ತಾರೆ. ಪ್ಲಾಸ್ಟಿಕ್ ಸುತ್ತಿ, ರಟ್ಟಿನ ಡಬ್ಬದಲ್ಲಿಟ್ಟು ಕಳಿಸುತ್ತಾರೆ. ಇಷ್ಟವಾಗದಿದ್ದರೆ ವಾಪಸ್ ಮಾಡುವ ಸೌಲಭ್ಯವೂ ಇರುತ್ತೇನೋ, ಬೆರಣಿಗೆ!

ಇಷ್ಟೆಲ್ಲ ಆದ ಮೇಲೆ ಚಿತ್ತಾ ಮಳೆ ಹಿಡಿಯುತ್ತದೆ, ಅದರ ಹಿಂದೆಯೇ ಸ್ವಾತಿ. ನಡುವೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮುಗೀತು, ಬೆಂಗಳೂರಿಗೆ ವಾರಗಟ್ಟಲೆ ಮೋಡ. ಎಲೆ ಮೇಲೆ ಕಂದು ಚುಕ್ಕೆ ಏಳುತ್ತದೆ, ಅದು ಅಂಗಮಾರಿ. ಸ್ವಲ್ಪ ಬಿಸಿಲು ಬಂತು ಅನ್ನುವಷ್ಟರಲ್ಲಿ ಬಿಳಿ ನೊಣ ಹಾಜರ್, ಎಲೆ ಮುದುರಿ ಮುದ್ದೆ. ಹೆಸರಘಟ್ಟದ ಸಂಶೋಧನಾ ಸಂಸ್ಥೆಯವರು ಅರ್ಕಾ ರಕ್ಷಕ್ ಅಂತ ಒಳ್ಳೆ ತಳಿ ಕೊಟ್ಟಿದ್ದಾರೆ. ಎಲೆ ಮುದುರು, ಸೊರಗು ರೋಗ, ಅಂಗಮಾರಿ, ಮೂರನ್ನೂ ತಡೆಯುವ ತಳಿ. ಆದರೆ ಕೋತಿಯನ್ನು ತಡೆಯುವ ತಳಿ ಇನ್ನೂ ಬಂದಿಲ್ಲ. ಕೋತಿ ಒಂದು ಹಣ್ಣನ್ನು ಪೂರ್ತಿ ತಿಂದರೆ ಬೇಜಾರಿಲ್ಲ. ಪ್ರತಿ ಹಣ್ಣಿಗೂ ಒಂದೊಂದು ಕಚ್ಚು ಕಚ್ಚಿ, ರುಚಿ ಸರಿ ಇಲ್ಲ ಅಂತ ಎಸೆದು ಹೋಗುತ್ತದೆ.

ಕೋತಿ ಬಿಟ್ಟದ್ದರ ತಳ ಕಪ್ಪಾಗಿ ಕೊಳೆಯುತ್ತದೆ. ಮೇಲಿನಿಂದ ನೋಡಿದರೆ ಹಣ್ಣು ಚೆಂದ. ತಿರುಗಿಸಿದರೆ ತಳದಲ್ಲಿ ಒಂದು ರೂಪಾಯಿ ಅಗಲದ ಕಪ್ಪು, ಒತ್ತಿದರೆ ಚರ್ಮದ ಹಾಗೆ ಗಟ್ಟಿ. ಹಣ್ಣಿಗೆ ಸುಣ್ಣದಂಶ ಸಾಲದೆ ಹಾಗಾಗೋದು. ಒಂದು ದಿನ ಕೆರೆ ತುಂಬುವಷ್ಟು ನೀರು, ನಾಲ್ಕು ದಿನ ಒಣ ಬಿಟ್ಟರೆ ಮಣ್ಣಲ್ಲಿ ಸುಣ್ಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಆದರೆ ಯೂಟ್ಯೂಬು ಮೊಟ್ಟೆ ಸಿಪ್ಪೆ ಹಾಕಿ ಅಂದಿದೆ. ನಮ್ಮ ಬೀದಿಯಲ್ಲಿ ಈರುಳ್ಳಿಯನ್ನೂ ಒಳಗೆ ಬಿಡದ ರಾಯರೊಬ್ಬರಿದ್ದಾರೆ. ಅವರು ಕತ್ತಲಾದ ಮೇಲೆ ಬೇಕರಿಯ ಹಿಂಬಾಗಿಲಿಗೆ ಹೋಗಿ ಸಿಪ್ಪೆ ತರುತ್ತಾರೆ. ಮಡಿ ಕೆಡದ ಹಾಗೆ ಕೈಗೆ ಗ್ಲೌಸು. ಆ ಸಿಪ್ಪೆ ಕರಗಿ ಗಿಡಕ್ಕೆ ಸೇರುವಷ್ಟರಲ್ಲಿ ಮುಂದಿನ ದಸರಾ ಬಂದಿರುತ್ತದೆ. ರಾಯರಿಗೆ ಯಾರು ಹೇಳಬೇಕು?

ನೀರು ಅಂದೆನಲ್ಲ, ನೆನಪಾಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಆ ಬೇಸಿಗೆಗೆ ಅದು ಸರಿಯೇ ಇತ್ತು, ಕುಡಿಯೋಕೇ ನೀರಿರಲಿಲ್ಲ. ಆದರೂ ಲೆಕ್ಕ ಹಾಕಿ. ಬೆಳೆಯದಿದ್ದರೆ ನಿಂಬೆಹಣ್ಣು, ಬೆಳೆದರೆ ದಂಡ.

ನಗು ಸಾಕು. ಕೋಲಾರದ ರೈತ ಕುಂಡದಲ್ಲಿ ಬೆಳೆಯುವುದಿಲ್ಲ. ಸಾವಿರ ಅಡಿ ದಾಟಿದ ಬೋರು, ಡ್ರಿಪ್ಪು, ಗಿಡ ಕಟ್ಟುವ ಕೋಲು, ಔಷಧಿ, ಎಲ್ಲಕ್ಕೂ ಸಾಲ. ಬೆಲೆ ಬಿದ್ದಾಗ ಕೀಳುವ ಕೂಲಿ, ಟೆಂಪೊ ಬಾಡಿಗೆ ಕೂಡ ಹುಟ್ಟುವುದಿಲ್ಲ. ಹಣ್ಣನ್ನು ರಸ್ತೆ ಬದಿಗೆ ಸುರಿದು ಮನೆಗೆ ಹೋಗುತ್ತಾನೆ. ಆಗ ಯಾವ ಸಚಿವರೂ ಮೈಕ್ ಹಿಡಿದು, ಎರಡು ಕಿಲೋ ಜಾಸ್ತಿ ತಿನ್ನಿ ಅನ್ನುವುದಿಲ್ಲ. ಆಗ ಕುಂಡವೂ ನೆನಪಾಗಲ್ಲ, ನಿಂಬೆಹಣ್ಣೂ ನೆನಪಾಗಲ್ಲ. ರೇಟು ಏರಿದರೆ ನಮ್ಮ ನಾಲಿಗೆಯ ತಪ್ಪು, ಇಳಿದರೆ ರೈತನ ಹಣೆಬರಹ. ಹಾಗಾದರೆ ಇವರಿಗೆ ಖಾತೆ ಯಾಕೆ, ಕಾರು ಯಾಕೆ?

ನಮ್ಮ ತಾರಸಿಯಲ್ಲಿ ಈ ಸಲ ಗೆದ್ದದ್ದು ಬಸಳೆ ಒಂದೇ. ಯಾರೂ ಆರೈಕೆ ಮಾಡಲಿಲ್ಲ, ಯಾವ ಸಚಿವರೂ ಶಿಫಾರಸು ಮಾಡಲಿಲ್ಲ. ಒಡೆದ ಬಕೆಟ್ಟಿನಿಂದ ಎದ್ದು ನೀರಿನ ಪೈಪು ಹತ್ತಿ, ಈಗ ಪಕ್ಕದ ಮನೆ ಡಿಶ್ ಆಂಟೆನಾ ತಬ್ಬಿಕೊಂಡಿದೆ. ಬಸಳೆ ಬೇಕಾದವರು ಚೀಲ ತನ್ನಿ. ಟೊಮೆಟೊ ಬೇಕಾದವರು ಗಾಡಿಯವನ ಹತ್ತಿರ ಹೋಗಿ, ಚೌಕಾಸಿ ಮಾಡದೆ ಕೊಳ್ಳಿ.