ತೆರಿಗೆ ಕಟ್ಟೋರು ನಾವು ಮಾತ್ರವೇ? ಒಂದು ಸ್ಪಷ್ಟನೆ

"ದೇಶದಲ್ಲಿ ತೆರಿಗೆ ಕಟ್ಟೋದು ಬೆರಳೆಣಿಕೆಯ ಜನ, ಬಡವರು ಒಂದು ಪೈಸೆಯೂ ಕಟ್ಟಲ್ಲ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತಿದೆ. ಇದು ತಪ್ಪು.

ಆದಾಯ ತೆರಿಗೆ ಕಟ್ಟುವವರು ಕಡಿಮೆ ಎನ್ನುವುದು ನಿಜ. ಆದರೆ ಆದಾಯ ತೆರಿಗೆಯೊಂದೇ ತೆರಿಗೆಯಲ್ಲ. ಜಿಎಸ್‌ಟಿ ಇದೆ, ಪೆಟ್ರೋಲ್ ಮೇಲೆ ಕೇಂದ್ರದ ಅಬಕಾರಿ ಸುಂಕ, ರಾಜ್ಯದ ಮಾರಾಟ ತೆರಿಗೆ ಇವೆ. ಇವು ಕೊಳ್ಳುವವರ ಸಂಬಳ ಕೇಳುವುದಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಹೂ ಕಟ್ಟಿ ಮಾರುವ ಅಜ್ಜಿಯನ್ನೇ ನೋಡಿ. ಮೊಬೈಲಿಗೆ 236 ರೂಪಾಯಿ ರೀಚಾರ್ಜ್ ಮಾಡಿಸಿದರೆ ಅದರಲ್ಲಿ 36 ರೂಪಾಯಿ ಜಿಎಸ್‌ಟಿ, ಶೇ 18ರ ಲೆಕ್ಕ. ಅದೇ ರೀಚಾರ್ಜ್‌ಗೆ ಎದುರಿನ ಬಂಗಲೆಯವರು ಕೊಡುವುದೂ 36 ರೂಪಾಯಿಯೇ. ಅವರಿಗೆ ಅದು ಲೆಕ್ಕಕ್ಕೇ ಬಾರದ ದುಡ್ಡು. ಅಜ್ಜಿಗೆ ಹೊತ್ತಿಳಿಯುವವರೆಗೆ ಬಿಸಿಲಲ್ಲಿ ಕೂತು ದುಡಿದದ್ದರಲ್ಲಿ ಒಂದು ಪಾಲು. ಗಳಿಕೆಗೆ ಹೋಲಿಸಿದರೆ ಭಾರ ಯಾರ ಮೇಲೆ ಹೆಚ್ಚು, ನೀವೇ ಹೇಳಿ.

ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಯ ಮೇಲೂ ಶೇ 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಇಳಿದಿದೆ, ಹೋಗಿಲ್ಲ. ಬಿಡಿಯಾಗಿ ತೂಗಿ ಕೊಡುವ ಅಕ್ಕಿಗೆ ತೆರಿಗೆಯಿಲ್ಲ, ಆದರೆ ಲೇಬಲ್ ಹಚ್ಚಿದ 5 ಕೆಜಿ ಪ್ಯಾಕೆಟ್ಟಿಗೆ 2022ರ ಜುಲೈನಿಂದ ಶೇ 5 ಇದೆ.

ಇನ್ನೊಂದು ಮಾತು. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಂಬಳದಾರರಿಗೂ ಆದಾಯ ತೆರಿಗೆ ಬರುವುದಿಲ್ಲ. ಅವರನ್ನು ಯಾರೂ ಪುಕ್ಕಟೆ ತಿನ್ನುವವರು ಅನ್ನುವುದಿಲ್ಲ, ಅನ್ನಲೂಬಾರದು. ಹೂವಿನ ಅಜ್ಜಿಗೆ ಮಾತ್ರ ಆ ಮಾತೇಕೆ? ಈ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.