ನಿಂತಲ್ಲೇ ಡೀಸೆಲ್ ಕುಡಿಯುವ ಎಂಜಿನ್

ರೈಲು, ಪರಿಸರ ಅಂತ ಮಾತು ಶುರುವಾದರೆ ಎಲ್ಲರೂ ಬುಲೆಟ್ ಟ್ರೈನ್ ಕಡೆಗೇ ಹೋಗುತ್ತಾರೆ. ರೈಲ್ವೆ ಯಾರ್ಡಿನಲ್ಲಿ, ಅಂದರೆ ಡಬ್ಬಿಗಳನ್ನು ಜೋಡಿಸಿ ಬಿಡಿಸುವ ಜಾಗದಲ್ಲಿ, ನಾಲ್ಕು ವ್ಯಾಗನ್ ತಳ್ಳಿ, ಎರಡು ಎಳೆದು, ಆಮೇಲೆ ಗುಡುಗುಡು ಅಂತ ನಿಂತೇ ಇರುವ ಶಂಟಿಂಗ್ ಎಂಜಿನ್ ಯಾರಿಗೂ ಬೇಡ. ನನಗೆ ಕೇಳಿದರೆ ಮೊದಲು ಸರಿ ಮಾಡಬೇಕಾದದ್ದು ಅದನ್ನೇ.

ಯಾಕೆ ಅಂದರೆ, ಅದು ಮಾಡುವ ಕೆಲಸಕ್ಕಿಂತ ಸುಮ್ನೆ ನಿಲ್ಲುವುದೇ ಜಾಸ್ತಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಶಂಟಿಂಗ್ ಎಂಜಿನ್‌ಗಳ ಹೊಗೆ ಅಳೆಯಲು ಒಂದು ಲೆಕ್ಕ ಇಟ್ಟುಕೊಂಡಿದೆ. ಅದರ ಪ್ರಕಾರ ಎಂಜಿನ್ ಆನ್ ಇರುವ ಹೊತ್ತಿನಲ್ಲಿ ಶೇಕಡಾ 59.8 ಭಾಗ ಬರೀ ಐಡಲ್, ಅಂದರೆ ಕೆಲಸವಿಲ್ಲದೆ ಸುಮ್ನೆ ಉರಿಯುವುದು. ಹಾಗಾದರೆ ಆಫ್ ಮಾಡಬಾರದಾ? ಬ್ರೇಕಿಗೆ ಗಾಳಿಯ ಒತ್ತಡ ಇರಬೇಕು, ಕರೆದ ಕೂಡಲೇ ಹೊರಡಬೇಕು. ಅಲ್ಲದೆ ಅಲ್ಲಿನ ಹಳೇ ಎಂಜಿನ್‌ಗಳ ರೇಡಿಯೇಟರಿನಲ್ಲಿ ಇರುವುದು ಬರೀ ನೀರು, ಚಳಿಗಾಲದಲ್ಲಿ ಆಫ್ ಮಾಡಿದರೆ ಹೆಪ್ಪುಗಟ್ಟಿ ಎಂಜಿನ್ನಿನ ಬ್ಲಾಕೇ ಒಡೆಯುತ್ತದೆ. ಹಾಗಾಗಿ ರಾತ್ರಿಯೆಲ್ಲಾ ಉರಿಯುತ್ತಲೇ ಇರುತ್ತದೆ. ಇನ್ನೊಂದು ತಮಾಷೆ ನೋಡಿ, ಮೇನ್ ಲೈನಿನಲ್ಲಿ ಓಡಿ ಓಡಿ ಸವೆದ ಎಂಜಿನ್‌ಗಳಿಗೆ ಎಷ್ಟೋ ಸಲ ಯಾರ್ಡೇ ವೃದ್ಧಾಶ್ರಮ. ಅಂದರೆ ಹೆಚ್ಚು ಹೊಗೆ ಬಿಡುವ ಎಂಜಿನ್ ಒಂದೇ ಕಡೆ, ಎಷ್ಟೋ ಊರುಗಳಲ್ಲಿ ಮನೆಗಳ ಪಕ್ಕದಲ್ಲೇ, ದಿನಪೂರ್ತಿ ನಿಂತಿರುತ್ತದೆ.

ಹೈಬ್ರಿಡ್, ಅಂದರೆ ಡೀಸೆಲ್ ಜೊತೆ ಬ್ಯಾಟರಿ, ಅನ್ನುವುದು ಹೇಳಿಮಾಡಿಸಿದ ಹಾಗೆ ಕೂರುವುದು ಇಲ್ಲೇ. ಕಾರಿಗಿಂತ ಚೆನ್ನಾಗಿ ಕೂರುತ್ತದೆ ಅಂತಲೇ ಹೇಳುತ್ತೇನೆ. ಬಹುಪಾಲು ಡೀಸೆಲ್ ರೈಲು ಎಂಜಿನ್‌ಗಳಲ್ಲಿ ಚಕ್ರ ತಿರುಗಿಸುವುದು ಮೊದಲಿನಿಂದಲೂ ವಿದ್ಯುತ್ ಮೋಟಾರೇ, ಡೀಸೆಲ್ ಎಂಜಿನ್ ಕೆಲಸ ಜನರೇಟರ್ ತಿರುಗಿಸುವುದಷ್ಟೇ. ನಡುವೆ ಒಂದು ದೊಡ್ಡ ಬ್ಯಾಟರಿ ಇಟ್ಟರೆ ಆಯಿತು. ತಳ್ಳುವಾಗ ಬ್ಯಾಟರಿ ಜೋರು ಕೊಡುತ್ತದೆ, ನಿಂತಾಗ ಒಂದು ಚಿಕ್ಕ ಜನರೇಟರ್ ಒಂದೇ ವೇಗದಲ್ಲಿ ಹದವಾಗಿ ಓಡಿ ಅದನ್ನು ತುಂಬಿಸುತ್ತದೆ, ತುಂಬಿದ ಮೇಲೆ ಆಫ್. ಭಾರ? ಕಾರಿನಲ್ಲಿ ಬ್ಯಾಟರಿಯ ಭಾರ ಅಂದರೆ ತಲೆನೋವು. ಶಂಟಿಂಗ್ ಎಂಜಿನ್‌ಗೆ ಭಾರವೇ ಬೇಕು, ಇಲ್ಲದಿದ್ದರೆ ಹಳಿಯ ಮೇಲೆ ಚಕ್ರ ಜಾರುತ್ತದೆ.

ಈಚಿನ ಕಾಲದಲ್ಲಿ ಇದನ್ನು ದೊಡ್ಡದಾಗಿ ಮಾಡಲು ಹೊರಟದ್ದು ಕೆನಡಾದ ರೈಲ್‌ಪವರ್ ಕಂಪನಿ, 2000ದ ದಶಕದ ಶುರುವಿನಲ್ಲಿ. ಹೆಸರು ಗ್ರೀನ್ ಗೋಟ್. ಅಲ್ಲಿನ ರೈಲ್ವೆ ಜನ ಶಂಟಿಂಗ್ ಎಂಜಿನ್‌ಗೆ ಆಡುಮಾತಿನಲ್ಲಿ ‘ಗೋಟ್’ ಅನ್ನುತ್ತಾರೆ, ಅದಕ್ಕೇ ಹಸಿರು ಮೇಕೆ. ಹಳೇ ಲೋಕೋಮೋಟಿವ್‌ನ ಚಾಸಿ ಇಟ್ಟುಕೊಂಡು, ಅದರ ದೈತ್ಯ ಎಂಜಿನ್ ಕಿತ್ತು, ಆ ಜಾಗದಲ್ಲಿ ಸಾಲುಸಾಲು ಲೆಡ್ ಆಸಿಡ್ ಬ್ಯಾಟರಿ ಮತ್ತು 300 ಅಶ್ವಶಕ್ತಿಯ ಆಸುಪಾಸಿನ ಒಂದು ಪುಟ್ಟ ಡೀಸೆಲ್ ಕೂರಿಸಿದರು. ಅಮೆರಿಕದ ಯೂನಿಯನ್ ಪೆಸಿಫಿಕ್‌ನಂಥ ದೊಡ್ಡ ರೈಲ್ವೆಗಳೇ ಕೊಂಡವು.

ಆಮೇಲೆ ಕೆಲವು ಗೋಟ್‌ಗಳಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿಕೊಂಡಿತು. ಕಂಪನಿ ಅವನ್ನು ವಾಪಸ್ ತರಿಸಿಕೊಳ್ಳಬೇಕಾಯಿತು, ಹಲವಕ್ಕೆ ಬ್ಯಾಟರಿ ತೆಗೆದು ಮತ್ತೆ ಡೀಸೆಲ್ ಜನರೇಟರುಗಳನ್ನೇ ಹಾಕಿದರು, 2009ರಲ್ಲಿ ಕಂಪನಿಯೇ ದಿವಾಳಿ ಎದ್ದಿತು. ‘ಹೈಬ್ರಿಡ್ ಎಲ್ಲಾ ಬುರುಡೆ’ ಅನ್ನುವವರು ಇವತ್ತಿಗೂ ಎತ್ತಿ ತೋರಿಸುವುದು ಇದನ್ನೇ. ನಾನು ಒಪ್ಪುವುದಿಲ್ಲ. ಸೋತದ್ದು ಆ ಬ್ಯಾಟರಿ. ದಿನವೂ ಹಿಂಡಿ ಹಿಂಡಿ ತುಂಬಿಸುವ ಕೆಲಸಕ್ಕೆ ಲೆಡ್ ಆಸಿಡ್ ಹೇಳಿಕೇಳಿ ಕಷ್ಟದ ಜಾತಿ.

ಜಪಾನಿನವರು ಅದೇ ಯೋಚನೆಯನ್ನು ಲಿಥಿಯಂ ಅಯಾನ್ ಬ್ಯಾಟರಿ ಹಾಕಿ ಮಾಡಿದರು. ಅಲ್ಲಿನ ಸರಕು ರೈಲು ಕಂಪನಿ ಜೆಆರ್ ಫ್ರೈಟ್‌ಗೆ ತೋಶಿಬಾ ಕಟ್ಟಿಕೊಟ್ಟ ಎಚ್‌ಡಿ300 ಅನ್ನುವ ಹೈಬ್ರಿಡ್ ಎಂಜಿನ್ 2010ರಲ್ಲಿ ಬಂತು, 1960ರ ದಶಕದಿಂದ ಓಡುತ್ತಿದ್ದ ಡಿಇ10 ಎಂಜಿನ್‌ಗಳ ಜಾಗಕ್ಕೆ. ಇದು ಪ್ರಯೋಗಕ್ಕೆ ಅಂತ ಒಂದೆರಡು ಮಾಡಿ ಬಿಟ್ಟದ್ದಲ್ಲ, ಸರಕು ಯಾರ್ಡುಗಳಲ್ಲಿ ದಿನನಿತ್ಯ ದುಡಿಯುತ್ತಿದೆ. ಜರ್ಮನಿಯಲ್ಲಿ ಅಲ್‌ಸ್ಟಾಂ ಕಂಪನಿಯ ಮೂರು ಆಕ್ಸಲ್‌ನ ಶಂಟಿಂಗ್ ಎಂಜಿನ್ ಎಚ್3 ಕೂಡ ಹೈಬ್ರಿಡ್. ಹೊಗೆಯ ಜೊತೆ ಸದ್ದೂ ಇಳಿಯುತ್ತದೆ, ರಾತ್ರಿ ಪಾಳಿ ನಡೆಯುವ ಯಾರ್ಡಿನ ಪಕ್ಕ ಮಲಗುವವರಿಗೆ ಇದು ಸಣ್ಣ ವಿಷಯ ಅಲ್ವೇ ಅಲ್ಲ.

ಹಾಗಂತ ಕಣ್ಣುಮುಚ್ಚಿ ಎಲ್ಲಾ ಕಡೆ ಹಾಕಿ ಅನ್ನುವುದಿಲ್ಲ. ಬಿಡುವೇ ಇಲ್ಲದೆ ಉದ್ದುದ್ದ ರೇಕ್, ಅಂದರೆ ವ್ಯಾಗನ್‌ಗಳ ಸಾಲು, ತಳ್ಳುವ ಯಾರ್ಡಿನಲ್ಲಿ ಚಿಕ್ಕ ಜನರೇಟರ್ ಬ್ಯಾಟರಿ ತುಂಬಿಸುವಷ್ಟರಲ್ಲಿ ಅದು ಖಾಲಿಯಾಗಿರುತ್ತದೆ. ಯಾರ್ಡಿನ ತುಂಬಾ ಮೇಲೆ ವಿದ್ಯುತ್ ತಂತಿ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಕ್ರೇನ್ ಮೇಲಿಂದ ಕಂಟೇನರ್ ಎತ್ತುವ ಹಳಿಯ ಮೇಲೆ ತಂತಿ ಎಳೆಯುವುದು ಹೇಗೆ? ಅಂಥ ಕಡೆ ಹೈಬ್ರಿಡ್ ಇಲ್ಲವೇ ಪೂರ್ತಿ ಬ್ಯಾಟರಿ, ಇವೆರಡರಲ್ಲಿ ಒಂದಕ್ಕೆ ಬರಲೇಬೇಕು.

ಇನ್ನು ಯಾವುದಾದರೂ ರೈಲ್ವೆ ‘ಹಸಿರು ಎಂಜಿನ್ ತಂದೆವು’ ಅಂತ ಫೋಟೋ ಹಾಕಿದರೆ ನನ್ನದು ಒಂದೇ ಪ್ರಶ್ನೆ. ಅದರ ಜಾಗದಲ್ಲಿದ್ದ ಹಳೇ ಎಂಜಿನ್ ಎಲ್ಲಿ ಹೋಯಿತು? ಗುಜರಿಗೆ ಹೋಯಿತಾ, ಇನ್ನೊಂದು ಯಾರ್ಡಿಗಾ?