ಬಜ್ಜಿಯ ಮುಂದೆ ಕೈಕಟ್ಟಿ

ಬಜ್ಜಿ ತಿನ್ನೋದಕ್ಕೆ ಎರಡು ತಿಂಗಳು ಮೊದಲೇ ಹೆಸರು ಬರೆಸಬೇಕು ಎಂದು ಭಾವ ಫೋನಿನಲ್ಲಿ ಹೇಳಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಅವರು ನಗಲಿಲ್ಲ. ಹೆಸರಿನ ಜೊತೆ ಕ್ರೆಡಿಟ್ ಕಾರ್ಡ್ ನಂಬರೂ ಬೇಕಂತೆ. ಆ ದಿನ ಕೈಕೊಟ್ಟರೆ ತಿನ್ನದ ಬಜ್ಜಿಗೂ ಪೂರ್ತಿ ದುಡ್ಡು ಹಿಡಿಯುತ್ತಾರಂತೆ. ಸೆಂಟು ಹಾಕಿಕೊಂಡು ಬರಬಾರದು. ಚಡ್ಡಿ ಹಾಕಿಕೊಂಡು ಬರಬಾರದು. ತಡವಾಗಿಯಂತೂ ಬರಲೇಬಾರದು. ಏನೇನು ತಿನ್ನೋದಿಲ್ಲ ಅನ್ನೋದನ್ನು ಈಗಲೇ ಹೇಳಿಬಿಡಬೇಕು, ಅಲ್ಲಿ ಬಂದು ರಾಗ ತೆಗೆದರೆ ನಡೆಯೋದಿಲ್ಲ. ನಾನು ಕೆಲಸಕ್ಕೆ ಸೇರುವಾಗಲೂ ಇಷ್ಟು ಷರತ್ತಿಗೆ ಸಹಿ ಹಾಕಿರಲಿಲ್ಲ.

"ಭಾವ, ಅದು ಬಜ್ಜಿ ಅಲ್ಲ. ಟೆಂಪುರಾ" ಅಂದರು ಅವರು.

"ಹಿಟ್ಟಲ್ಲಿ ಅದ್ದಿ ಎಣ್ಣೆಗೆ ಬಿಡ್ತಾರಾ?"

"ಬಿಡ್ತಾರೆ."

"ಮತ್ತೆ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

ಭಾವ ಎಂದರೆ ತಂಗಿಯ ಗಂಡ. ನಾನೂ ಅವರಿಗೆ ಭಾವ, ಅವರೂ ನನಗೆ ಭಾವ. ಅವರ ಮತ್ತು ತಂಗಿಯ ಮನೆ ಟೋಕಿಯೊದ ನಿಶಿ-ಕಸಾಯ್‌ನಲ್ಲಿದೆ. ಅದು ನಮ್ಮ ದೇಶದವರೇ ತುಂಬಿರುವ ಬಡಾವಣೆ. ಕಡಲೆಹಿಟ್ಟು, ಓಂಕಾಳು, ಮೆಣಸಿನಕಾಯಿ ಎಲ್ಲ ಅಲ್ಲೇ ಹತ್ತಿರದಲ್ಲಿ ಸಿಗುತ್ತದೆ. ಇಷ್ಟಿದ್ದೂ ನಾವು ರೈಲು ಹತ್ತಿ ಟೋಕಿಯೊದ ದುಬಾರಿ ಬಡಾವಣೆ ಗಿಂಜಾಕ್ಕೆ ಹೋಗಬೇಕು. ಅಲ್ಲಿ ಒಬ್ಬರ ಕೈಯಲ್ಲಿ ಕರಿಸಿಕೊಂಡು, ಅವರು ಹೇಳಿದ ಹಾಗೆ ತಿನ್ನಬೇಕು. ಅದಕ್ಕೆ ಒಮಕಾಸೆ ಅನ್ನುತ್ತಾರೆ. 'ನಿಮಗೇ ಬಿಟ್ಟಿದ್ದೇನೆ' ಎಂಬುದು ಆ ಮಾತಿನ ಅರ್ಥ. ನಮ್ಮ ಮದುವೆ ಮನೆಯ ಊಟವೂ ಇದೇ ಅಲ್ವಾ? ಎಲೆ ಮುಂದೆ ಕೂತವನು ಬಡಿಸಿದ್ದನ್ನು ತಿನ್ನಬೇಕು, ಮೆನು ಕೇಳುವ ಹಾಗಿಲ್ಲ. ಆದರೆ ನಮ್ಮಲ್ಲಿ ಮುಯ್ಯಿ ಎಷ್ಟು ಅನ್ನೋದು ನಮಗೇ ಬಿಟ್ಟದ್ದು.

ತಂಗಿ ಬರೋದಿಲ್ಲ ಅಂದಳು. ಅವಳು ಶುದ್ಧ ಸಸ್ಯಾಹಾರಿ. ನಾನು ಊರಿನಲ್ಲಿ ಸಸ್ಯಾಹಾರಿ, ವಿಮಾನ ಹತ್ತಿದ ಮೇಲೆ ಸಮುದ್ರಾಹಾರಿ. "ತರಕಾರಿದೂ ಇರುತ್ತಲ್ಲೇ" ಅಂದೆ.

"ಅಣ್ಣ, ಹಿಟ್ಟಿಗೆ ಮೊಟ್ಟೆ ಹಾಕಿರ್ತಾರೆ. ಸೀಗಡಿ ಕರಿದ ಎಣ್ಣೆಯಲ್ಲೇ ಬದನೆಕಾಯಿ ಕರೀತಾರೆ. ಅದ್ದಿಕೊಳ್ಳೋ ಸಾರಿಗೆ ಒಣಮೀನು. ನನಗೆ ಉಳಿಯೋದು ಉಪ್ಪು ಮತ್ತೆ ಮೂಲಂಗಿ ತುರಿ. ಅದನ್ನ ಮನೇಲೇ ತಿಂತೀನಿ ಬಿಡು."

ಇದರಲ್ಲೊಂದು ತಮಾಷೆ ಇದೆ. ಟೆಂಪುರಾ ಹುಟ್ಟಿದ್ದೇ ಉಪವಾಸದ ಪಲಾರವಾಗಿ ಅನ್ನುತ್ತಾರೆ. ಪೋರ್ಚುಗೀಸರು 1543ರಲ್ಲಿ ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಬಂದರು. ಆಮೇಲೆ ನಾಗಸಾಕಿಯಲ್ಲಿ ಬೇರೂರಿದರು. ಅವರ ಧರ್ಮದಲ್ಲಿ ಮಾಂಸ ಬಿಡುವ ದಿನಗಳಿದ್ದವು. ಆ ದಿನ ಬೀನ್ಸನ್ನು ಹಿಟ್ಟಿನಲ್ಲಿ ಅದ್ದಿ ಕರಿದು ತಿನ್ನುತ್ತಿದ್ದರು. ಪೋರ್ಚುಗಲ್ಲಿನಲ್ಲಿ ಅದು ಈಗಲೂ ಇದೆ. ಅದಕ್ಕೆ 'ತೋಟದ ಮರಿಮೀನು' ಎಂದು ಹೆಸರು. ಹೆಸರಿನಲ್ಲಿ ಮಾತ್ರ ಮೀನು, ಒಳಗೆ ಬರೀ ಬೀನ್ಸು. ವ್ರತದ ದಿನಗಳಿಗೆ ಲ್ಯಾಟಿನ್ನಿನಲ್ಲಿ 'ತೆಂಪೊರಾ' ಎನ್ನುತ್ತಿದ್ದರು, ಟೆಂಪುರಾ ಅಲ್ಲಿಂದಲೇ ಬಂತು ಎಂಬುದು ಒಂದು ವಾದ. ಏಕಾದಶಿಯ ದಿನ ನಮ್ಮ ಮನೆಗಳಲ್ಲಿ ಊಟಕ್ಕಿಂತ ಜಾಸ್ತಿ ಪಲಾರ ಆಗುವುದನ್ನು ನೋಡಿದವರಿಗೆ ಈ ವಾದ ನಂಬಲು ಕಷ್ಟವಿಲ್ಲ.

ಇದೇ ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದು ಕೂತವರು. ನಮಗೆ ಮೆಣಸಿನಕಾಯಿ ತಂದುಕೊಟ್ಟವರೂ ಅವರೇ. ಜಪಾನಿಗೆ ಕರಿಯುವುದನ್ನು ಕೊಟ್ಟರು, ನಮಗೆ ಕರಿಯುವುದಕ್ಕೆ ಬೇಕಾದ್ದನ್ನು ಕೊಟ್ಟರು. ಧಾರವಾಡದಲ್ಲಿ ಗಿರ್ಮಿಟ್ ಜೊತೆ ಮಿರ್ಚಿ ಕಚ್ಚಿ ಕಣ್ಣೀರು ಸುರಿಸುವವನೂ, ಗಿಂಜಾದಲ್ಲಿ ಬಿಲ್ಲು ನೋಡಿ ಕಣ್ಣೀರು ಸುರಿಸುವವನೂ ಒಂದೇ ಹಡಗಿನ ಸಂತ್ರಸ್ತರು.

ಆಮೇಲಿನ ಕಥೆ ಇನ್ನೂ ಚೆನ್ನಾಗಿದೆ. ಟೋಕಿಯೊ ಆಗ ಎದೊ ಆಗಿತ್ತು. ಮರದ ಮನೆಗಳ ಊರು. ಒಂದು ಕಿಡಿ ಹಾರಿದರೆ ಬೀದಿಗೆ ಬೀದಿಯೇ ಬೂದಿ. 1657ರ ಬೆಂಕಿಯಲ್ಲಿ ಊರಿನ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋಗಿತ್ತು. ಅಂಥ ಕಡೆ ಮನೆಯೊಳಗೆ ಕುದಿಯುವ ಎಣ್ಣೆ ಇಡುವವನನ್ನು ಯಾರು ಬಿಟ್ಟಾರು? ಹಾಗಾಗಿ ಟೆಂಪುರಾ ಬೀದಿಯಲ್ಲೇ ಬೆಳೆಯಿತು. ತಳ್ಳುಗಾಡಿ, ಬಾಣಲೆ, ಕಡ್ಡಿಗೆ ಚುಚ್ಚಿದ ಮೀನಿನ ತುಂಡು. ಕೂಲಿಯವರು ನಿಂತಲ್ಲೇ ತಿಂದು, ಕೆಲವೇ ಮೊನ್ ಕಾಸು ಎಸೆದು ಹೋಗುತ್ತಿದ್ದರು. ಗಾಂಧಿಬಜಾರಿನ ಸಂಜೆ ಏಳು ಗಂಟೆ ಅಂದುಕೊಳ್ಳಿ.

ಮರ್ಯಾದಸ್ಥರು ಅದನ್ನು ತಿನ್ನುವ ಹಾಗಿರಲಿಲ್ಲ. ಆದರೆ ಬಜ್ಜಿಯ ವಾಸನೆಗೆ ಜಾತಿ ಎಲ್ಲಿದೆ? 19ನೇ ಶತಮಾನದ ಆರಂಭದಲ್ಲಿ ಕುವಾಗಾತಾ ಕೆಯ್ಸಾಯ್ ಎಂಬ ಚಿತ್ರಗಾರ ಎದೊದ ಕಸುಬುದಾರರ ಚಿತ್ರ ಬರೆದ. ಅದರಲ್ಲಿ ಟೆಂಪುರಾ ಗಾಡಿಯ ಮುಂದೆ ಒಬ್ಬ ಸಮುರಾಯಿ ನಿಂತಿದ್ದಾನೆ. ಸೊಂಟದಲ್ಲಿ ಕತ್ತಿ, ಮುಖಕ್ಕೆ ಬಟ್ಟೆ. ಬಜ್ಜಿ ತಿನ್ನುವುದು ಯಾರಿಗೂ ಗೊತ್ತಾಗಬಾರದು ಅಂತ.

ಇನ್ನೂರು ವರ್ಷ ಕಳೆದು ನಾನು ಹೋದೆ. ಬಜ್ಜಿ ತಿನ್ನುವುದು ಎಲ್ಲರಿಗೂ ಗೊತ್ತಾಗಲಿ ಅಂತಲೇ.

ಗಿಂಜಾದ ಆ ಅಂಗಡಿ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಬೀದಿಯ ತಿಂಡಿ ಲಿಫ್ಟ್ ಹತ್ತಿ ಕೂತಿದೆ. ಹತ್ತು ಕುರ್ಚಿ, ಒಂದೇ ಉದ್ದನೆಯ ಮರದ ಕಟ್ಟೆ. ಸರಿಯಾಗಿ ಆರು ಗಂಟೆಗೆ ಹತ್ತೂ ಜನ ಒಟ್ಟಿಗೆ ಕೂರಬೇಕು, ಥೇಟ್ ಪಂಕ್ತಿಯೇ. ಕಟ್ಟೆಯ ಆಚೆ ತಾಮ್ರದ ಬಾಣಲೆ, ಅದರ ಹಿಂದೆ ಬಿಳಿ ಅಂಗಿಯ ಹಿರಿಯರು. ಇಂಥವರನ್ನು ಗಿರಾಕಿಗಳು 'ತೈಶೊ' ಎಂದು ಕರೆಯುತ್ತಾರೆ. ಆ ಪದಕ್ಕೆ ದಂಡನಾಯಕ ಎಂಬ ಅರ್ಥವೂ ಇದೆ. ಒಳಗೆ ಹೊಕ್ಕ ಮೇಲೆ ಅದೇ ಸರಿಯಾದ ಅರ್ಥ ಅನ್ನಿಸಿತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನಾನು ಕೆಮ್ಮನ್ನೂ ನುಂಗಿಕೊಂಡೆ.

ಅವರ ಕೈಚಳಕಕ್ಕೆ ನನ್ನ ತಕರಾರಿಲ್ಲ, ಮೊದಲೇ ಹೇಳಿಬಿಡುತ್ತೇನೆ. ತಣ್ಣನೆ ನೀರಿಗೆ ಮೊಟ್ಟೆ, ಅದಕ್ಕೆ ಮೈದಾದಂಥ ಹಗುರ ಹಿಟ್ಟು. ಕಲಸಿದರೋ ಇಲ್ಲವೋ ಅನ್ನುವ ಹಾಗೆ ನಾಲ್ಕು ಸಲ ಆಡಿಸಿದರು ಅಷ್ಟೆ. ಗಂಟು ಗಂಟಾಗಿಯೇ ಇತ್ತು. ನಮ್ಮಮ್ಮ ಕಂಡಿದ್ದರೆ 'ಇದೇನು ಹಿಟ್ಟು ಕಲಸೋದಾ' ಅಂತ ಬಟ್ಟಲು ಕಿತ್ತುಕೊಳ್ಳುತ್ತಿದ್ದರು. ಜಾಸ್ತಿ ಕಲಸಿದರೆ ಜಿಗುಟು ಬರುತ್ತದೆ, ಗರಿಗರಿ ಹೋಗುತ್ತದೆ. ಟೋಕಿಯೊದವರಿಗೆ ಎಳ್ಳೆಣ್ಣೆಯೇ ಆಗಬೇಕು. ಕಾವನ್ನು ಅವರು ಕಣ್ಣಿಗಿಂತ ಕಿವಿಯಲ್ಲಿ ಅಳೆಯುತ್ತಿದ್ದರು. ಗುಳ್ಳೆಯ ಸದ್ದು ಬದಲಾದ ಕೂಡಲೇ ತುಂಡು ಮೇಲೆ ಬರುತ್ತಿತ್ತು. ಒಂದು ಕ್ಷಣ ಆಚೀಚೆ ಇಲ್ಲ.

ಮೊದಲು ಸೀಗಡಿಯ ಕಾಲು. ಆಮೇಲೆ ಸೀಗಡಿ. ಪ್ರತಿಯೊಂದರ ಜೊತೆ ಒಂದು ಅಪ್ಪಣೆ.

"ಉಪ್ಪಿನಲ್ಲಿ."

ಉಪ್ಪಿನಲ್ಲಿ ತಿಂದೆ.

"ಸಾರಿನಲ್ಲಿ."

ಸಾರಿನಲ್ಲಿ ಅದ್ದಿದೆ. ಮೂಲಂಗಿ ತುರಿ ಮೊದಲೇ ಹಾಕಬೇಕಿತ್ತಂತೆ, ಹಾಕಿರಲಿಲ್ಲ. ತೈಶೊ ಏನೂ ಅನ್ನಲಿಲ್ಲ, ಸುಮ್ನೆ ನೋಡಿದರು. ಏಳನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದಾಗ ನಮ್ಮ ಮೇಷ್ಟ್ರು ಹೀಗೇ ನೋಡಿದ್ದರು.

ಮೂರನೆಯದು ಕಿಸು ಎಂಬ ಮೀನು. ಬಾಯಿಗಿಟ್ಟ ಕೂಡಲೇ ಎಲ್ಲೋ ತಿಂದ ರುಚಿ. ಭಾವನ ಫೋನು ಕೆದಕಿ ನೋಡಿದರೆ ನಮ್ಮ ಕರಾವಳಿಯ ಕಾಣೆ ಮೀನಿನ ದಾಯಾದಿಯೇ! ಉಡುಪಿಯಲ್ಲಿ ರವೆ ಮೆತ್ತಿ ಹುರಿದು, ತಟ್ಟೆಯಲ್ಲಿ ಅಡ್ಡ ಮಲಗಿಸಿ, 'ಇನ್ನೊಂದು ಹಾಕ್ಲಾ' ಎನ್ನುವ ಕಾಣೆ. ಇಲ್ಲಿ ಇನ್ನೊಂದು ಎಂಬ ಮಾತೇ ಇಲ್ಲ. ಬೆರಳುದ್ದದ ಒಂದು ಚೂರು, ಅದಕ್ಕೊಂದು ನಮಸ್ಕಾರ.

ಮತ್ತೆ ಶಿಸೊ ಎಲೆ, ಒಂದೇ ಬದಿಗೆ ಹಿಟ್ಟು. ಅಜ್ಜಿ ಹಿತ್ತಲಿಂದ ದೊಡ್ಡಪತ್ರೆ ಕಿತ್ತು ತಂದು ಮಾಡುತ್ತಿದ್ದುದೂ ಇದೇ ಜಾತಿಯದು, ಎರಡೂ ಬದಿಗೆ ಹಿಟ್ಟು ಹಾಕಿ ದುಂದು ಮಾಡುತ್ತಿದ್ದಳು ಪಾಪ. ಅನಾಗೊ ಎಂಬ ಹಾವುಮೀನನ್ನು ಕಬ್ಬಿಣದ ಕಡ್ಡಿಯಿಂದ ನಮ್ಮೆದುರೇ ಕರ್ ಎನ್ನುವ ಹಾಗೆ ಮುರಿದರು. ಹತ್ತೂ ಜನ ಒಟ್ಟಿಗೆ 'ಓಹ್' ಅಂದರು. ನಾನೂ ಅಂದೆ. ಅನ್ನದಿದ್ದರೆ ಚೆನ್ನಾಗಿರುತ್ತಿರಲಿಲ್ಲ.

ತಟ್ಟೆಯ ಮೇಲೆ ಮಡಿಸಿದ ಬಿಳಿ ಕಾಗದವಿತ್ತು. ಆ ಮಡಿಕೆಗೂ ಶಾಸ್ತ್ರವಿದೆ, ಶುಭಕ್ಕೆ ಒಂದು ರೀತಿ, ಅಶುಭಕ್ಕೆ ಇನ್ನೊಂದು ರೀತಿ. ಎಣ್ಣೆ ತಾಗಿದ ಕೂಡಲೇ ಅದನ್ನು ತೆಗೆದು ಬೇರೆ ಕಾಗದ ಇಡುತ್ತಿದ್ದರು. ನಮ್ಮಲ್ಲಿ ಬಜ್ಜಿ ಕಟ್ಟಿಕೊಟ್ಟ ಪೇಪರು ಎಣ್ಣೆ ಕುಡಿದು ಪಾರದರ್ಶಕವಾದ ಮೇಲೇ ಓದಲು ಶುರುಮಾಡುವುದು. ನನ್ನ ರಾಜಕೀಯ ಜ್ಞಾನದ ಅರ್ಧ ಪಾಲು ಹಾಗೇ ಬಂದದ್ದು. ಇಲ್ಲಿನ ಕಾಗದದಲ್ಲಿ ಓದಲು ಏನೂ ಇರಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ತೈಶೊ ಅಷ್ಟು ನಿಗಾ ಇಟ್ಟು, ಉಸಿರು ಹಿಡಿದು, ಕ್ಷಣ ತಪ್ಪದ ಹಾಗೆ ತೆಗೆದು ಕಾಗದದ ಮೇಲೆ ಇಡುತ್ತಾರೆ. ಇಟ್ಟ ಕೂಡಲೇ ತಿನ್ನಬೇಕು. ಅದಕ್ಕೇ ಇಷ್ಟೆಲ್ಲ ಏರ್ಪಾಟು. ನಾವು ಹತ್ತು ಜನ ಏನು ಮಾಡುತ್ತಿದ್ದೆವು? ಫೋನು ತೆಗೆಯುತ್ತಿದ್ದೆವು. ಪಕ್ಕದ ದಂಪತಿ ಪುಟ್ಟ ಮೂರುಕಾಲಿನ ಸ್ಟ್ಯಾಂಡನ್ನೇ ತಂದಿದ್ದರು. ಒಮ್ಮೆ ಮೇಲಿಂದ, ಒಮ್ಮೆ ಪಕ್ಕದಿಂದ, ಒಮ್ಮೆ ಕಚ್ಚುವ ಹಾಗೆ ನಟಿಸಿ. ಅಷ್ಟು ಹೊತ್ತಿಗೆ ಸೀಗಡಿ ನಮ್ಮೂರಿನ ಬಸ್ ಸ್ಟ್ಯಾಂಡಿನ ಬಜ್ಜಿಯ ಹದಕ್ಕೆ ಬಂದಿರುತ್ತಿತ್ತು. ತೈಶೊ ಮುಖ ಬಾಣಲೆಯ ಕಡೆ ತಿರುಗಿಸಿಕೊಂಡಿದ್ದರು. ಆ ಸಮುರಾಯಿಯ ಬಟ್ಟೆಯ ಅಗತ್ಯ ಈಗ ಅವರಿಗೇ ಇತ್ತು.

ನಾನೇನು ಸಾಚಾ ಅಲ್ಲ. ನನ್ನ ಫೋನಿನಲ್ಲೂ 14 ಫೋಟೊ ಇವೆ. ಹದಿಮೂರರಲ್ಲಿ ನನ್ನ ಹೆಬ್ಬೆರಳು ಬಂದಿದೆ.

ಇದಕ್ಕೆಲ್ಲ ಯಾರು ಕಾರಣ ಅಂತ ಭಾವನನ್ನು ಪಿಸುಮಾತಿನಲ್ಲಿ ಕೇಳಿದೆ. "ನಕ್ಷತ್ರ" ಅಂದರು. ಶನಿ ಕಾಟ ಅಂದುಕೊಂಡೆ. ಅಲ್ಲ, ಒಳ್ಳೆಯ ಹೋಟೆಲುಗಳಿಗೆ ಕೊಡುವ ಮಿಷೆಲಿನ್ ನಕ್ಷತ್ರ. ಫ್ರಾನ್ಸಿನ ಟೈರು ಕಂಪನಿಯೊಂದು 1900ರಲ್ಲಿ ಮಾರ್ಗದರ್ಶಿ ಪುಸ್ತಕ ತಂದಿತು. ಜನ ಕಾರು ತೆಗೆದುಕೊಂಡು ಊರೂರು ಸುತ್ತಲಿ, ಟೈರು ಸವೆಯಲಿ ಎಂಬುದು ಅದರ ಲೆಕ್ಕ. ಅದೇ ಕಂಪನಿ 2007ರಲ್ಲಿ ಟೋಕಿಯೊಗೂ ಬಂತು. ಪೋರ್ಚುಗೀಸರ ಪಲಾರ, ಜಪಾನಿನ ಕೂಲಿಕಾರರ ತಿಂಡಿ, ಅದು ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳುವುದು ಫ್ರೆಂಚ್ ಟೈರಿನವರು. ನಾವು ಅವರ ಮಾತು ನಂಬಿ ವಿಮಾನದ ಟೈರು ಸವೆಸಿಕೊಂಡು ಬಂದವರು. ಲೆಕ್ಕ ಅವರದ್ದೇ ಸರಿಯಾಯಿತು.

ಗಿಂಜಾದಲ್ಲೇ ಕೊಂಡೊ ಎಂಬ ಹೆಸರಾಂತ ಅಂಗಡಿ ಇದೆ. ಅಲ್ಲಿ ಗೆಣಸಿನ ಟೆಂಪುರಾ ತುಂಬ ಪ್ರಸಿದ್ಧ. ಮುಷ್ಟಿ ಗಾತ್ರದ ಗೆಣಸನ್ನು ಸುಮಾರು ಅರ್ಧ ಗಂಟೆ ನಿಧಾನಕ್ಕೆ ಕರಿಯುತ್ತಾರೆ. ಅದನ್ನು ತಿನ್ನಲೆಂದೇ ಬರುವವರಿದ್ದಾರೆ. ಸಂಕ್ರಾಂತಿಗೆ ಬೇಯಿಸಿದ ಗೆಣಸನ್ನು 'ಮತ್ತೆ ಇದೇನಾ' ಎಂದು ತಟ್ಟೆಯ ಅಂಚಿಗೆ ತಳ್ಳಿದವರು ನಾವು. ತಪ್ಪಾಯಿತು.

ಕೊನೆಯಲ್ಲಿ ಅನ್ನ, ಮಿಸೊ ಸಾರು, ಉಪ್ಪಿನಕಾಯಿ. ಅಷ್ಟು ಹೊತ್ತು ಇಲ್ಲದ ಜೀವ ಆ ಅನ್ನ ಕಂಡಾಗ ಬಂತು. ಹಿಂದೆಯೇ ಬಿಲ್ಲೂ ಬಂತು. ತಲೆಗೆ 20,000 ಯೆನ್. ಅದರ ಮೇಲೆ 10% ಸೇವಾ ಶುಲ್ಕ. ಅವೆರಡರ ಮೇಲೆ 10% ತೆರಿಗೆ. ಒಟ್ಟು 24,200. ನಮ್ಮ ದುಡ್ಡಿನಲ್ಲಿ ಸುಮಾರು 14 ಸಾವಿರ ರೂಪಾಯಿ. ತಿಂದದ್ದು 14 ತುಂಡು. ಭಾಗಾಕಾರ ಇಷ್ಟು ಸಲೀಸಾಗಿ ಬಂದದ್ದು ನನ್ನ ಜೀವನದಲ್ಲಿ ಇದೇ ಮೊದಲು.

ಜಪಾನನ್ನು ಆಳಿದ್ದ ತೊಕುಗಾವಾ ಇಎಯಾಸು ಎಂಬ ಶೋಗನ್, ಅಂದರೆ ಸೇನಾಧಿಪತಿ, 1616ರಲ್ಲಿ ಕರಿದ ಮೀನು ತಿಂದು ಹಾಸಿಗೆ ಹಿಡಿದ, ಕೆಲವೇ ತಿಂಗಳಲ್ಲಿ ತೀರಿಕೊಂಡ ಎಂದು ಕಥೆ ಹೇಳುತ್ತಾರೆ. ಹೊಟ್ಟೆಯ ಕ್ಯಾನ್ಸರ್ ಇದ್ದಿರಬೇಕು ಎನ್ನುವವರೂ ಇದ್ದಾರೆ. ಯಾರಾದರೂ ಅವನಿಗೆ ಬಿಲ್ಲು ತೋರಿಸಿದ್ದರೇ ಎಂಬುದನ್ನು ವಿಚಾರಿಸಿದ ಹಾಗೆ ಕಾಣೆ.

ತೈಶೊ ಲಿಫ್ಟಿನವರೆಗೂ ಬಂದರು. ಬಾಗಿಲು ಮುಚ್ಚುವ ತನಕ ಬಗ್ಗಿಯೇ ನಿಂತಿದ್ದರು. ನಾವೂ ಬಗ್ಗಿದೆವು. ನಮ್ಮದು ಮರ್ಯಾದೆಗೋ, ಪರ್ಸು ಹಗುರಾದದ್ದಕ್ಕೋ ಹೇಳಲಾರೆ.

ಮಾರನೆಯ ದಿನ ಮಧ್ಯಾಹ್ನ ಭಾವ ಸ್ಟೇಷನ್ನಿನ ಹತ್ತಿರದ ತೆಂದೊನ್ ಅಂಗಡಿಗೆ ಕರೆದುಕೊಂಡು ಹೋದರು. ಊರೂರಿನಲ್ಲಿ ಶಾಖೆ ಇರುವಂಥ ಅಂಗಡಿ. ಹೆಸರು ಬರೆಸಬೇಕಾಗಿಲ್ಲ, ಕಾರ್ಡು ಕೇಳುವವರಿಲ್ಲ. ಸಾವಿರ ಯೆನ್ನಿನೊಳಗೆ ಬಟ್ಟಲು ತುಂಬ ಬಿಸಿ ಅನ್ನ, ಅದರ ಮೇಲೆ ಸೀಗಡಿ, ಮೀನು, ಕುಂಬಳಕಾಯಿ, ಬೀನ್ಸು, ಮೇಲಿಂದ ಸಿಹಿ-ಉಪ್ಪು ಬೆರೆತ ಕಂದು ರಸ. ಪಕ್ಕದ ಆಫೀಸಿನವನು ಟೈಯನ್ನು ಹೆಗಲ ಮೇಲೆ ಹಾಕಿಕೊಂಡು ಏಳು ನಿಮಿಷದಲ್ಲಿ ಮುಗಿಸಿ ಎದ್ದ. ಅವನ ಜಾಗಕ್ಕೆ ಇನ್ನೊಬ್ಬ ಬಂದು ಕೂತ. ಭಾವ ಅರ್ಧ ಬಟ್ಟಲು ಖಾಲಿ ಮಾಡಿ ನನ್ನ ಕಡೆ ನೋಡಿದರು. ನಾನು ಕಡ್ಡಿಗಳನ್ನು ನೇರ ಜೋಡಿಸಿಟ್ಟು ಕೈಕಟ್ಟಿ ಕೂತಿದ್ದೆ.

"ಏನ್ ಭಾವ, ಆರ್ತಾ ಇದೆ, ತಿನ್ನಿ."

"ಮೊದಲು ಯಾವುದು ತಿನ್ನಬೇಕು ಅಂತ ಯಾರೂ ಹೇಳಲೇ ಇಲ್ವಲ್ಲ" ಅಂದೆ.